ನಾಲ್ಕು ದಿನದ ಪಗಾರದಲ್ಲಿ ಏಳು ದಿನದ ಮನೆ

ಪ್ರಶ್ನೆ: ಆಳಂದ ತಾಲೂಕಿನವನು. ಪುಣೆಯ ಭೋಸರಿ ಎಂಐಡಿಸಿಯ ಒಂದು ಬಿಡಿಭಾಗ ಕಾರ್ಖಾನೆಯಲ್ಲಿ ಏಳು ವರ್ಷದಿಂದ ಕಾಯಂ ಸಿಎನ್‌ಸಿ ಆಪರೇಟರ್. ಸುಮಾರು 120 ಜನ ಇದ್ದೇವೆ. ಎರಡು ತಿಂಗಳಿಂದ ಓಟಿ (ಹೆಚ್ಚುವರಿ ಪಾಳಿ) ಬಂದ್, ಕೆಲಸ ವಾರಕ್ಕೆ ನಾಲ್ಕೇ ದಿನ. ಮೂಲ ವೇತನ ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 13,000, ಭತ್ಯೆ ಸೇರಿದರೆ 18,500. ಮೊದಲು 6,000 ಓಟಿ ಸೇರಿ ಕೈಗೆ 22,556 ಬರುತ್ತಿತ್ತು, ಈಗ 10,785. ಬಾಡಿಗೆ 6,500, ಲೈಟು 700, ಬೈಕಿನ ಕಂತು 2,900 (ಇನ್ನೂ 16 ಬಾಕಿ), ಭಿಶಿ (ಚೀಟಿ) 2,000, ಮಕ್ಕಳ ಶಾಲೆಗೆ 1,500, ಕಿರಾಣಿ-ತರಕಾರಿ-ಹಾಲಿಗೆ 6,000, ಊರಿಗೆ 1,000. ಕ್ರೆಡಿಟ್ ಕಾರ್ಡಿನ ಬಾಕಿ 40,000, ತಿಂಗಳಿಗೆ ಕನಿಷ್ಠ ಮೊತ್ತ 2,000 ಕಟ್ಟುತ್ತಿದ್ದೇನೆ. ಹಾಲು ಅರ್ಧ ಮಾಡಿದ್ದೇವೆ, ಬೇಳೆ ವಾರಕ್ಕೆರಡು ದಿನ. ಹೆಂಡತಿ ಸಾಲ ತೆಗೆದು ಮೆಸ್ ಹಾಕೋಣ ಅನ್ನುತ್ತಾಳೆ. ಪಿಎಫ್ ತೆಗೆಯಲೋ, ಕಡಿಮೆ ಬಾಡಿಗೆಯ ಮನೆಗೆ ಹೋಗಲೋ?

ಉತ್ತರ: ಎಲ್ಲಕ್ಕಿಂತ ಮೊದಲು ಹಾಲು-ಬೇಳೆ ಮತ್ತೆ ಮೊದಲಿನಷ್ಟೇ ಮಾಡಿ. ಕಷ್ಟ ಬಂದಾಗ ಎಲ್ಲರ ಕೈ ಮೊದಲು ಹೋಗುವುದು ಅಡುಗೆಮನೆಗೇ. ಅಲ್ಲಿ ಕತ್ತರಿ ಹಾಕಲು ಯಾರ ಅನುಮತಿಯೂ ಬೇಡ, ಯಾವ ಅರ್ಜಿಯೂ ಬೇಡ. ಆದರೆ ನಿಮ್ಮ ಮನೆಯ ಹಣ ಸೋರುತ್ತಿರುವುದು ಅಲ್ಲಿಂದ ಅಲ್ಲ. ಒಂದು ತೂತು ನಿಮ್ಮ ಪಗಾರ ಚೀಟಿಯಲ್ಲಿದೆ, ಇನ್ನೊಂದು ಕಾರ್ಡಿನ ಬಡ್ಡಿಯಲ್ಲಿದೆ.

ಪಗಾರ ಚೀಟಿಯನ್ನೇ ಮೊದಲು ನೋಡೋಣ. 18,500 ಅನ್ನು ತಿಂಗಳ ಕೆಲಸದ ದಿನ 26ರಿಂದ ಭಾಗಿಸಿದರೆ ದಿನಕ್ಕೆ 711 ರೂಪಾಯಿ 54 ಪೈಸೆ. ಹದಿನೇಳು ದಿನದ ಕೆಲಸಕ್ಕೆ 12,096. ಇದರಲ್ಲಿ ಪಿಎಫ್ 1,020, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) 91, ವೃತ್ತಿ ತೆರಿಗೆ 200 ಕಳೆದರೆ ಸರಿಯಾಗಿ 10,785. ಅಂದರೆ ಕೆಲಸ ಇಲ್ಲದ ಒಂಬತ್ತು ದಿನಕ್ಕೆ ನಿಮಗೆ ಒಂದು ಪೈಸೆಯೂ ಕೊಟ್ಟಿಲ್ಲ. ಕೊಡಬೇಕಿತ್ತು.

ಕಾರ್ಖಾನೆಯಲ್ಲಿ ಆರ್ಡರ್ ಇಲ್ಲ, ಕಚ್ಚಾ ಮಾಲಿಲ್ಲ, ಯಂತ್ರ ಕೆಟ್ಟಿದೆ ಎಂಬ ಕಾರಣಕ್ಕೆ ಕಾಯಂ ಕೆಲಸಗಾರನಿಗೆ ಕೆಲಸ ಕೊಡದಿದ್ದರೆ ಅದು ಲೇ-ಆಫ್. ಐವತ್ತು ಅಥವಾ ಹೆಚ್ಚು ಜನರಿರುವ ಕಾರ್ಖಾನೆಯಲ್ಲಿ, ಒಂದು ವರ್ಷದ ಸತತ ಸೇವೆ ಆದವರಿಗೆ, ಲೇ-ಆಫ್ ಆದ ಪ್ರತಿ ದಿನಕ್ಕೆ ಮೂಲ ವೇತನ ಮತ್ತು ಡಿಎ ಮೊತ್ತದ ಅರ್ಧ ಕೊಡಬೇಕು. ವಾರದ ರಜೆಗೆ ಇದು ಇಲ್ಲ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 25ಸಿ ಕಲಮಿನಲ್ಲಿದ್ದ ಈ ಹಕ್ಕು 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಹಾಗೇ ಉಳಿದಿದೆ. ನಿಮ್ಮ ಲೆಕ್ಕ: 13,000 ಭಾಗಿಸು 26 ಅಂದರೆ 500, ಅದರ ಅರ್ಧ 250. ಒಂಬತ್ತು ದಿನಕ್ಕೆ 2,250. ಎರಡು ತಿಂಗಳ ಬಾಕಿ 4,500.

ಈ ಹಣ ಕೈತಪ್ಪುವುದು ಹೆಚ್ಚಾಗಿ ಹಾಜರಿಯಿಂದ. ಲೇ-ಆಫ್ ದಿನವೂ ಕೆಲಸದ ಹೊತ್ತಿಗೆ ಗೇಟಿಗೆ ಹೋಗಿ ದಿನಕ್ಕೊಮ್ಮೆ ಹಾಜರಿ ಹಾಕಬೇಕು, ಹಾಕದವರಿಗೆ ಆ ದಿನದ ಪರಿಹಾರ ಇಲ್ಲ. ಹೋದ ಮೇಲೆ ಎರಡು ಗಂಟೆಯೊಳಗೆ ಕೆಲಸ ಕೊಡದಿದ್ದರೆ ಆ ದಿನ ಲೇ-ಆಫ್ ಎಂದೇ ಲೆಕ್ಕ. ಹಾಜರಿ ಪುಸ್ತಕ ಇಡುವುದು ಕಂಪನಿಯ ಜವಾಬ್ದಾರಿ. 'ಗುರುವಾರ, ಶುಕ್ರವಾರ ಬರಬೇಡಿ' ಎಂದು ಸೂಪರ್‌ವೈಜರ್ ವಾಟ್ಸ್‌ಆ್ಯಪ್‌ನಲ್ಲಿ ಹಾಕಿದ್ದರೆ ಆ ಮೆಸೇಜು ಅಳಿಸಬೇಡಿ, ತಾರೀಖು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಆದರೂ ಗೇಟಿಗೆ ಹೋಗಿ. ಹಾಜರಿ ತೆಗೆದುಕೊಳ್ಳಲು ಒಪ್ಪದಿದ್ದರೆ ಗೇಟಿನ ಮುಂದೆ ಸಮಯ, ಸ್ಥಳ ಕಾಣುವ ಫೋಟೋ ತೆಗೆಯಿರಿ. ಹೋಗಿ ಬರಲು ಎಂಟು ಕಿಲೋಮೀಟರ್ ಇದ್ದರೂ ಪೆಟ್ರೋಲಿಗೆ ಇಪ್ಪತ್ತು ರೂಪಾಯಿ ಆಗುವುದಿಲ್ಲ, ಬರುವುದು 250.

ಕೇಳುವುದು ಬಾಯಿಮಾತಲ್ಲಿ ಬೇಡ. ಅರ್ಧ ಪುಟದ ಅರ್ಜಿ ಸಾಕು: ಹೆಸರು, ಟೋಕನ್ ನಂಬರು, ಸೇರಿದ ತಾರೀಖು, ಕೆಲಸ ಕೊಡದ ದಿನಗಳ ತಾರೀಖುಗಳು, 'ಈ ದಿನಗಳ ಲೇ-ಆಫ್ ಪರಿಹಾರ ಪಗಾರದಲ್ಲಿ ಸೇರಿಲ್ಲ, ದಯವಿಟ್ಟು ಸೇರಿಸಿ' ಎಂಬ ಒಂದು ವಾಕ್ಯ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸಹಿ-ಶಿಕ್ಕೆ ಹಾಕಿಸಿ ಪೋಚ್ (ಸ್ವೀಕೃತಿ) ತೆಗೆದುಕೊಳ್ಳಿ. ಒಬ್ಬರೇ ಹೋಗುವುದಕ್ಕಿಂತ ಅದೇ ಸಾಲಿನ ಹತ್ತು ಜನ ಒಂದೇ ದಿನ ಕೊಟ್ಟರೆ ಯಾರೊಬ್ಬರ ಮೇಲೂ ಕಣ್ಣು ಬೀಳುವುದಿಲ್ಲ. ಹದಿನೈದು ದಿನದಲ್ಲಿ ಉತ್ತರ ಬರದಿದ್ದರೆ ಅದೇ ಪೋಚ್ ಹಿಡಿದು ಪುಣೆಯ ಕಾರ್ಮಿಕ ಆಯುಕ್ತರ ಕಚೇರಿಗೆ ಹೋಗಿ. ಕಾಯಂ ಅಲ್ಲದ, ಠೇಕೇದಾರನ (ಗುತ್ತಿಗೆದಾರನ) ಕೈಕೆಳಗಿನ ಗೆಳೆಯರಿಗೆ ಈ ದಾರಿ ಇಷ್ಟು ನೇರ ಇಲ್ಲ, ಅವರು ಮೊದಲು ಠೇಕೇದಾರನ ಬಳಿ ಎಷ್ಟು ಜನರ ಹಾಜರಿ ಇದೆ ಎಂದು ನೋಡಿಕೊಳ್ಳಬೇಕು.

ಇಎಸ್‌ಐ ಬಗ್ಗೆಯೂ ಒಂದು ಎಚ್ಚರ. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದು ವಂತಿಗೆ ಅವಧಿ, ಅಕ್ಟೋಬರ್‌ನಿಂದ ಮಾರ್ಚ್ ಇನ್ನೊಂದು. ಒಂದು ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಬಿದ್ದಿದ್ದರೆ ಮಾತ್ರ ಕಾಯಿಲೆ ರಜೆಯಲ್ಲಿ ಪಗಾರದ ಶೇ. 70 ಭಾಗ, ವರ್ಷಕ್ಕೆ 91 ದಿನದವರೆಗೆ, ಸಿಗುತ್ತದೆ. ವಾರಕ್ಕೆ ನಾಲ್ಕು ದಿನವಾದರೆ 26 ವಾರಕ್ಕೆ 104 ಆಗುತ್ತದೆ, ಚಿಂತೆ ಇಲ್ಲ. ಮೂರಕ್ಕೆ ಇಳಿದರೆ ಸರಿಯಾಗಿ 78, ಒಂದು ದಿನ ತಪ್ಪಿದರೂ ಹೋಯಿತು. ಏಪ್ರಿಲ್-ಸೆಪ್ಟೆಂಬರ್‌ನಲ್ಲಿ ತಪ್ಪಿದ್ದು ಮುಂದಿನ ಜನವರಿಯಿಂದ ಜೂನ್‌ವರೆಗೆ ಕಾಡುತ್ತದೆ, ಹಾಗಾಗಿ ಆಗ ಕಾರಣವೇ ತಿಳಿಯುವುದಿಲ್ಲ. ಪ್ರತಿ ಪಗಾರ ಚೀಟಿಯಲ್ಲಿ ದಿನಗಳ ಲೆಕ್ಕ ನೋಡುತ್ತ ಬನ್ನಿ.

ಇಎಸ್‌ಐ ಇದ್ದೂ ಗಲ್ಲಿಯ ದವಾಖಾನೆಯಲ್ಲಿ ಮುನ್ನೂರು-ನಾನೂರು ಕೊಡುವವರು ಬಹಳ. ಈಗ ಅದು ಬೇಡ. ಚಿಂಚವಡದ ಮೋಹನನಗರದಲ್ಲಿ ಇಎಸ್‌ಐ ಆಸ್ಪತ್ರೆ ಇದೆ. ಊರಲ್ಲಿರುವ ತಂದೆ-ತಾಯಿ ನಿಮ್ಮ ಮೇಲೇ ಅವಲಂಬಿತರಾಗಿದ್ದು ಅವರ ಆದಾಯ ತಿಂಗಳಿಗೆ 9,000 ಮೀರದಿದ್ದರೆ ಅವರ ಹೆಸರೂ ಸೇರಿಸಬಹುದು. ಕುಟುಂಬದವರು ಬೇರೆ ಊರಲ್ಲಿದ್ದರೆ ಅವರಿಗೆ ಹತ್ತಿರದ ದವಾಖಾನೆ ಆರಿಸಿಕೊಳ್ಳಲು ಅವಕಾಶವಿದೆ. ಕಲಬುರಗಿಯಲ್ಲಿ ಇಎಸ್‌ಐ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೇ ಇದೆ. ಊರಿಗೆ ಕಳಿಸುವ ಸಾವಿರದಲ್ಲಿ ಬಿಪಿ-ಸಕ್ಕರೆ ಗುಳಿಗೆಯ ಪಾಲಿದ್ದರೆ ಆ ಭಾರ ಅಲ್ಲಿಗೆ ಇಳಿಯಲಿ. ಹೀಗಾದರೆ ಹಣ ಕಳಿಸದೆ ಇರುವ ತಿಂಗಳಲ್ಲೂ ಗುಳಿಗೆ ನಿಲ್ಲುವುದಿಲ್ಲ.

ಇನ್ನು ಕಾರ್ಡು. 40,000 ಬಾಕಿಗೆ ತಿಂಗಳಿಗೆ ಶೇ. 3.5 ಬಡ್ಡಿ ಹಿಡಿದರೆ 1,400, ಅದರ ಮೇಲೆ ಶೇ. 18 ಜಿಎಸ್‌ಟಿ 252. ಒಟ್ಟು 1,652. ನೀವು ಹೊಟ್ಟೆ ಕಟ್ಟಿ ತುಂಬುವ 2,000ದಲ್ಲಿ ಅಸಲಿಗೆ ಹೋಗುವುದು 348 ರೂಪಾಯಿ. ಮಕ್ಕಳ ಹಾಲು ಅರ್ಧ ಮಾಡಿ ಉಳಿಸಿದ್ದೆಲ್ಲ ಇಲ್ಲಿ ಬಡ್ಡಿಗೆ ಹೋಗುತ್ತಿದೆ. ಇದನ್ನೇ ನಾನು ತೂತು ಎಂದದ್ದು. ಬಾಕಿ ಇರುವವರೆಗೆ ಅದೇ ಕಾರ್ಡಿನಲ್ಲಿ ಹೊಸದಾಗಿ ಕಿರಾಣಿ ತಂದರೆ ಅದಕ್ಕೆ 45-50 ದಿನದ ಬಡ್ಡಿರಹಿತ ಸಮಯವೂ ಇಲ್ಲ, ಕೊಂಡ ದಿನದಿಂದಲೇ ಬಡ್ಡಿ.

ಇದಕ್ಕೆ ಮದ್ದು ನಿಮ್ಮ ಮನೆಯಲ್ಲೇ ಇದೆ, ಆ ಭಿಶಿ. ನೀವು ವಿವರ ಬರೆದಿಲ್ಲ. 20 ಜನ, ತಲಾ 2,000, ಹರಾಜಿನ ಭಿಶಿ, ನಿಮ್ಮ ಸರದಿ ಇನ್ನೂ ಆಗಿಲ್ಲ, 11 ಕಂತು ಬಾಕಿ ಎಂದು ಹಿಡಿಯೋಣ. ಸಾಮಾನ್ಯವಾಗಿ ಕೊನೆಯವರೆಗೆ ಕಾದರೆ ಪೂರ್ತಿ ಸಿಗುತ್ತದೆ ಎಂದು ಜನ ಕಾಯುತ್ತಾರೆ. ಈಗ ಕಾಯಬೇಡಿ. ಈ ತಿಂಗಳೇ ಸವಾಲು ಕೂಗಿ, 5,000 ಬಿಟ್ಟುಕೊಟ್ಟಾದರೂ 35,000 ಎತ್ತಿ. ಅದೇ 11 ತಿಂಗಳಲ್ಲಿ ಕಾರ್ಡು ತಿನ್ನುವ ಬಡ್ಡಿ 15,000 ದಾಟುತ್ತದೆ, ಅದರ ಮುಂದೆ 5,000 ಅಗ್ಗ. 35,000ಕ್ಕೆ ಲೇ-ಆಫ್ ಬಾಕಿ 4,500 ಸೇರಿಸಿದರೆ 39,500 ಆಯಿತು, ಕಾರ್ಡು ಬಹುತೇಕ ಚುಕ್ತಾ. ಹಣ ಕೈಗೆ ಬಂದ ದಿನವೇ ಕಟ್ಟಿ, ನಾಳೆಗೆ ಇಟ್ಟರೆ ಮನೆಯಲ್ಲಿ ಹತ್ತು ಬೇಡಿಕೆ ಹುಟ್ಟುತ್ತವೆ. ಭಿಶಿಯ ಮುಂದಿನ ಕಂತುಗಳನ್ನು ಮಾತ್ರ ಒಂದೂ ತಪ್ಪಿಸಬಾರದು. ನಿಮ್ಮನ್ನು ನಂಬಿದ ಹತ್ತೊಂಬತ್ತು ಮನೆಗಳ ಹಣ ಅದು.

ಭಿಶಿ ಆಗಲೇ ಎತ್ತಿ ಆಗಿದ್ದರೆ ಬ್ಯಾಂಕಿಗೆ ಫೋನ್ ಮಾಡಿ ಬಾಕಿಯನ್ನು ಕಂತಿಗೆ ಬದಲಿಸಿಕೊಡಿ ಎನ್ನಿ. ವರ್ಷಕ್ಕೆ ಶೇ. 16ರಂತೆ 24 ತಿಂಗಳಿಗೆ ಸಿಕ್ಕರೆ ಕಂತು ಸುಮಾರು 1,960, ಜೊತೆಗೆ ಬಡ್ಡಿಯ ಮೇಲಿನ ಜಿಎಸ್‌ಟಿ. ಈಗ ಕಟ್ಟುವಷ್ಟೇ ಹಣ, ಆದರೆ ಎರಡು ವರ್ಷಕ್ಕೆ ಸಾಲವೇ ಮುಗಿಯುತ್ತದೆ. ಬಂಗಾರ ಇಟ್ಟು ತೀರಿಸುವುದಾದರೆ ಬ್ಯಾಂಕಿನಲ್ಲಿ ಮಾತ್ರ ಇಡಿ. ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಬಡ್ಡಿ ಎಂಬುದು ಕೇಳಲು ಚಿಕ್ಕದು, ವರ್ಷಕ್ಕೆ ಅದು ಅರವತ್ತು.

ಬೈಕಿನ ವಿಷಯದಲ್ಲಿ ಕಂತು ಬೌನ್ಸ್ ಆಗುವ ಮೊದಲೇ ಫೈನಾನ್ಸಿನವರ ಬಳಿ ಹೋಗಬೇಕು, ಇದೊಂದೇ ಗುಟ್ಟು. ಬೌನ್ಸ್ ಆದರೆ ನಿಮ್ಮ ಬ್ಯಾಂಕೂ ಹಿಡಿಯುತ್ತದೆ, ಫೈನಾನ್ಸಿನವರೂ ಹಿಡಿಯುತ್ತಾರೆ. ಪಗಾರ ಚೀಟಿ ಮೂರು ತಿಂಗಳದ್ದು ಹಿಡಿದು, ಉಳಿದ 16 ಕಂತನ್ನು 24 ಮಾಡಿಕೊಡಿ ಎಂದು ಬರೆದು ಕೊಡಿ. ಶೇ. 12 ಬಡ್ಡಿ ಎಂದುಕೊಂಡರೆ ಕಂತು 2,000ದ ಹತ್ತಿರ ಬರುತ್ತದೆ, ಒಟ್ಟಾರೆ ಬಡ್ಡಿ 1,800 ಹೆಚ್ಚು. ಸಿಬಿಲ್‌ನಲ್ಲಿ (ನಿಮ್ಮ ಸಾಲದ ದಾಖಲೆ) ಸಾಲ ಮಾರ್ಪಡಿಸಿದ ಗುರುತು ಉಳಿಯಬಹುದು. ಈ ವರ್ಷ ಮನೆಸಾಲ ಬೇಕಿಲ್ಲವಾದರೆ ಅದು ದೊಡ್ಡ ನಷ್ಟವಲ್ಲ. 2024ರಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ತಡವಾದ ಕಂತಿಗೆ ದಂಡದ ಬಡ್ಡಿ ಹಾಕುವಂತಿಲ್ಲ, ದಂಡ ಶುಲ್ಕ ಮಾತ್ರ, ಆ ಶುಲ್ಕದ ಮೇಲೆ ಮತ್ತೆ ಬಡ್ಡಿ ಹಾಕುವಂತಿಲ್ಲ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ.

ಪಿಎಫ್ ಮುಟ್ಟಬೇಡಿ. 2024-25ಕ್ಕೆ ಅದರ ಬಡ್ಡಿ ಶೇ. 8.25 ಇತ್ತು. ಇದೇ ದರ ಮುಂದುವರಿದರೆ ಮೂವತ್ತೈದನೇ ವಯಸ್ಸಿನಲ್ಲಿ ತೆಗೆದ 50,000, ಅಲ್ಲೇ ಇದ್ದಿದ್ದರೆ ಐವತ್ತೆಂಟಕ್ಕೆ ಮೂರು ಲಕ್ಷ ದಾಟುತ್ತಿತ್ತು. ನೌಕರಿಯೇ ಹೋದರೆ ಅದರ ಮಾತು ಬೇರೆ.

ಮನೆ ಬದಲಿಸುವುದೂ ಈಗ ಲಾಭವಲ್ಲ. 5,500ರ ಮನೆ ಸಿಕ್ಕಿತು ಅನ್ನಿ, ಏಜೆಂಟನಿಗೆ ಒಂದು ತಿಂಗಳ ಬಾಡಿಗೆ, ಟೆಂಪೋಗೆ ಎರಡೂವರೆ ಸಾವಿರ, ಒಟ್ಟು 8,000. ತಿಂಗಳಿಗೆ ಸಾವಿರ ಉಳಿದರೂ ಎಂಟು ತಿಂಗಳು ಬರೀ ಅದನ್ನು ತೀರಿಸಲಿಕ್ಕೇ ಬೇಕು. ಬದಲಿಗೆ ಮಾಲೀಕರನ್ನು ಕೂತು ಕೇಳಿ: ಡಿಪಾಜಿಟ್‌ನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳಿ, ಕೆಲಸ ಸರಿಯಾದ ಮೇಲೆ ತಿಂಗಳಿಗೆ ಸಾವಿರದಂತೆ ತುಂಬಿಕೊಡುತ್ತೇನೆ ಎಂದು. ಒಪ್ಪಿದರೆ ಎರಡು ಸಾಲು ಬರೆದು ಇಬ್ಬರೂ ಸಹಿ ಮಾಡಿ. ಮಹಾರಾಷ್ಟ್ರದಲ್ಲಿ ಲಿವ್ ಅಂಡ್ ಲೈಸೆನ್ಸ್ ಎಂಬ ಬಾಡಿಗೆ ಕರಾರನ್ನು ನೋಂದಣಿ ಮಾಡಿಸುವ ಹೊಣೆ ಮಾಲೀಕರದ್ದು. ನೋಂದಣಿ ಆಗಿಲ್ಲದಿದ್ದರೆ, ಬೇರೆ ಪುರಾವೆ ಬರುವವರೆಗೆ, ಷರತ್ತುಗಳ ಬಗ್ಗೆ ಬಾಡಿಗೆದಾರನ ಮಾತೇ ಹಿಡಿಯುತ್ತದೆ. ಇದನ್ನು ಜಗಳಕ್ಕೆ ಬಳಸಬೇಡಿ, ಆದರೆ ತಿಳಿದಿರಲಿ.

ಲೈಟು ಬಿಲ್ಲಿನಲ್ಲಿ ಒಂದೇ ಜಾಗ ನೋಡಿ, ನೀರು ಕಾಯಿಸುವ ರಾಡು. ಹದಿನೈದು ಲೀಟರ್ ಬಕೆಟ್ಟು 22 ಡಿಗ್ರಿಯಿಂದ 42ಕ್ಕೆ ಕಾಯಲು ಬೇಕಾದದ್ದು 0.35 ಯೂನಿಟ್. 1,500 ವ್ಯಾಟ್ ರಾಡಿಗೆ ಅದು ಹದಿನಾಲ್ಕು-ಹದಿನೈದು ನಿಮಿಷದ ಕೆಲಸ. ಹಚ್ಚಿ ಮರೆತು ಅರ್ಧ ಗಂಟೆ ಬಿಟ್ಟರೆ 0.75 ಯೂನಿಟ್, ಆಮೇಲೆ ಅದಕ್ಕೆ ತಣ್ಣೀರು ಬೆರೆಸುತ್ತೇವೆ. ಮಾಲೀಕರು ಯೂನಿಟ್ಟಿಗೆ 12 ಹಿಡಿಯುತ್ತಿದ್ದರೆ ದಿನಕ್ಕೆ ಎರಡು ಬಕೆಟ್ಟಿನಲ್ಲಿ ತಿಂಗಳಿಗೆ 280 ರೂಪಾಯಿಯಷ್ಟು ವ್ಯರ್ಥ. ಮೊಬೈಲಿನಲ್ಲಿ ಹದಿನೈದು ನಿಮಿಷದ ಅಲಾರಾಂ ಇಡಿ. ಬಟನ್ ಬಂದ್ ಮಾಡಿ ಪ್ಲಗ್ ಕಿತ್ತ ಮೇಲೆಯೇ ನೀರಿಗೆ ಕೈ ಹಾಕಬೇಕು.

ರೇಷನ್ ಬಗ್ಗೆ ನೀವು ಬರೆದೇ ಇಲ್ಲ, ಇಲ್ಲಿಗೆ ಬಂದ ನಮ್ಮ ಕಡೆಯವರು ಸಾಮಾನ್ಯವಾಗಿ ಬಿಟ್ಟುಬಿಡುವುದು ಇದನ್ನೇ. ಊರಿನ ಬಿಪಿಎಲ್ ಕಾರ್ಡು ರಾಷ್ಟ್ರೀಯ ಆಹಾರ ಭದ್ರತೆಯ ಆದ್ಯತಾ ಕಾರ್ಡಾಗಿದ್ದು, ಅದರಲ್ಲಿ ನಿಮ್ಮ ನಾಲ್ವರ ಹೆಸರಿದ್ದರೆ, ಒಂದು ದೇಶ ಒಂದು ರೇಷನ್ ಕಾರ್ಡ್ ವ್ಯವಸ್ಥೆಯಲ್ಲಿ ಭೋಸರಿಯ ರೇಷನ್ ಅಂಗಡಿಯಲ್ಲೇ ತಲೆಗೆ ಐದು ಕೆಜಿಯಂತೆ ತಿಂಗಳಿಗೆ 20 ಕೆಜಿ ಧಾನ್ಯ ಪುಕ್ಕಟೆ ಎತ್ತಬಹುದು. ಹೊಸ ಕಾರ್ಡು ಬೇಡ, ಊರಿನದನ್ನು ರದ್ದು ಮಾಡಿಸುವುದಂತೂ ಬೇಡವೇ ಬೇಡ. ಕಾರ್ಡಿನ ನಂಬರು ಅಥವಾ ಆಧಾರ್ ಹೇಳಿ ಹೆಬ್ಬೆಟ್ಟು ಒತ್ತಿದರೆ ಸಾಕು. ಎಡವುವುದು ಎರಡು ಕಡೆ. ಇ-ಕೆವೈಸಿ ಆಗದವರ ಪಾಲು ತಡೆಹಿಡಿದಿರಬಹುದು. ಇನ್ನೊಂದು, ಆ ತಿಂಗಳ ಪೂರ್ತಿ ಪಾಲನ್ನು ಊರಲ್ಲೇ ಎತ್ತಿದ್ದರೆ ಇಲ್ಲಿ ಯಂತ್ರ ಏನೂ ತೋರಿಸುವುದಿಲ್ಲ, ಆದ್ದರಿಂದ ತಿಂಗಳ ಮೊದಲೇ ಊರಿಗೆ ಫೋನ್ ಮಾಡಿ 'ನಿಮ್ಮ ಪಾಲಷ್ಟೇ ಎತ್ತಿ' ಎನ್ನಿ. ಕರ್ನಾಟಕ ಸರಕಾರ ಹೆಚ್ಚುವರಿಯಾಗಿ ಕೊಡುವುದು ಇಲ್ಲಿ ಸಿಗುವುದಿಲ್ಲ, ಕೇಂದ್ರದ ಪಾಲು ಮಾತ್ರ. ಅಂಗಡಿಯಲ್ಲಿ ಕೊಂಡರೆ ಇಷ್ಟಕ್ಕೆ 700 ರೂಪಾಯಿ ಹತ್ತಿರ.

ಉಳಿದ ಆ 700ರಲ್ಲಿ ಬೇಳೆ-ಕಾಳು ತನ್ನಿ. ಶೇಂಗಾ ನೂರು ಗ್ರಾಂನಲ್ಲಿ 25 ಗ್ರಾಂ ಪ್ರೋಟೀನ್, ಕೆಜಿಗೆ 130 ಎಂದರೆ ಹದಿಮೂರು ರೂಪಾಯಿ. ಅಷ್ಟೇ ಪ್ರೋಟೀನಿಗೆ ತತ್ತಿ ನಾಲ್ಕು ಬೇಕು. ಮಕ್ಕಳ ತಾಟಿನಲ್ಲಿ ದಿನಾ ಒಂದು ಚಮಚ ಶೇಂಗಾ ಹಿಂಡಿ, ಬೇಳೆ ಅಥವಾ ಹೆಸರುಕಾಳು, ಒಂದು ಲೋಟ ಹಾಲು ಇರಲಿ. ಬಿಸ್ಕತ್ತು, ಪಾಕೀಟಿನ ಕುರುಕಲು ಹೋದರೆ ಹೋಗಲಿ.

ಹೆಂಡತಿಯವರ ಯೋಚನೆ ಒಳ್ಳೆಯದು, ಸಾಲ ಬೇಡ. ಮೆಸ್ ಬೇಡ, ಆರು ಡಬ್ಬಿಯಿಂದ ಶುರು ಮಾಡಲಿ. ಭೋಸರಿಯಲ್ಲಿ ಒಂಟಿಯಾಗಿ ಕೋಣೆ ಮಾಡಿಕೊಂಡಿರುವ ಕಲಬುರಗಿ-ವಿಜಯಪುರ ಕಡೆಯ ಹುಡುಗರಿಗೆ ಜೋಳದ ರೊಟ್ಟಿ ಸಿಕ್ಕರೆ ಬೇರೆ ಡಬ್ಬಿ ಕಡೆ ನೋಡುವುದಿಲ್ಲ. ಒಂದು ಕೆಜಿ ಹಿಟ್ಟಿಗೆ ಹದಿನೈದು ರೊಟ್ಟಿ. ಡಬ್ಬಿಗೆ ಮೂರು ಹಾಕಿದರೆ 200 ಗ್ರಾಂ, ಕೆಜಿಗೆ 50 ಎಂದು ಹಿಡಿದರೆ 10 ರೂಪಾಯಿ. ಪಲ್ಯಕ್ಕೆ 10, ಬೇಳೆಗೆ 4, ಅನ್ನಕ್ಕೆ ಮೂರೂವರೆ, ಹಿಂಡಿಗೆ 2, ಎಣ್ಣೆಗೆ ಎರಡೂಕಾಲು, ಖಾರ-ಮಸಾಲೆಗೆ ಒಂದೂವರೆ, ಗ್ಯಾಸಿಗೆ 4. ಒಟ್ಟು ಮೂವತ್ತೇಳೂಕಾಲು. 65ಕ್ಕೆ ಕೊಟ್ಟರೆ ಡಬ್ಬಿಗೆ ಇಪ್ಪತ್ತೇಳೂಮುಕ್ಕಾಲು ಉಳಿಯುತ್ತದೆ. ಆರು ಡಬ್ಬಿ, 25 ದಿನ: 4,160.

ಈ ಕೆಲಸ ಕೆಡುವುದು ಉದ್ರಿಯಿಂದ. ಹದಿನೈದು ದಿನದ ಹಣ ಮುಂಗಡ ತೆಗೆದುಕೊಳ್ಳಿ, ತಿಂಗಳ ಕೊನೆಗೆ ಎಂದರೆ ಜಾತ್ರೆಗೆ ಊರಿಗೆ ಹೋದವನು ಬರುವುದೇ ಇಲ್ಲ. ಡಬ್ಬಿ ಗಿರಾಕಿಯದೇ ಇರಲಿ, ಅದೂ ಎರಡು, ಒಂದು ಹೋದಾಗ ಇನ್ನೊಂದು ತೊಳೆದಿರಬೇಕು. ಮೊದಲ ಪಾಳಿ ಏಳಕ್ಕಾದರೆ ಆರಕ್ಕೆ ಡಬ್ಬಿ ಕಟ್ಟಿರಬೇಕು. ಹದಿನೆಂಟು ರೊಟ್ಟಿ ಒಂದೇ ಹಂಚಿನಲ್ಲಿ ಸುಡಲು ಅರ್ಧ ಗಂಟೆಗೂ ಮೇಲೆ ಹಿಡಿಯುತ್ತದೆ, ಪಲ್ಯಕ್ಕೆ ಹೆಚ್ಚಿದ್ದು ರಾತ್ರಿಯೇ ಆಗಿರಲಿ. ಹಿಟ್ಟು ಒಮ್ಮೆಗೆ ಹತ್ತು ದಿನಕ್ಕಾಗುವಷ್ಟೇ ಗಿರಣಿಗೆ ಹಾಕಿಸಿ. ಹಳತಾದ ಜೋಳದ ಹಿಟ್ಟಿಗೆ ಜಿಗಿ ಹೋಗುತ್ತದೆ, ಎಸರು ಹಾಕಿ ನಾದಿದರೂ ತಟ್ಟುವಾಗ ಅಂಚು ಹರಿಯುತ್ತದೆ. ಮಾರುವ ಊಟವಾದ್ದರಿಂದ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮಾಡಿಸಿ, ಸಣ್ಣ ವಹಿವಾಟಿಗೆ ಶುಲ್ಕ ವರ್ಷಕ್ಕೆ 100 ರೂಪಾಯಿ.

ಈಗ ಕೂಡಿಸಿ ನೋಡೋಣ. ಪರಿಹಾರ ಸೇರಿ, ಅದರ ಮೇಲಿನ ಇಎಸ್‌ಐ 17 ಕಳೆದು, ಪಗಾರ 13,018, ಡಬ್ಬಿಯಿಂದ 4,160, ಒಟ್ಟು 17,178. ಬಾಡಿಗೆ 6,500, ಲೈಟು 500ಕ್ಕೆ ಇಳಿಸಿ, ಬೈಕು 2,000, ಭಿಶಿ 2,000, ಶಾಲೆ 1,500, ಅಡುಗೆಮನೆಗೆ ಕಾಳು-ಹಾಲು ಸಮೇತ ಮೊದಲಿನ ಪೂರ್ತಿ 6,000. ಒಟ್ಟು 18,500. ಇನ್ನೂ 1,300 ಕೊರತೆ, ಊರಿಗೆ ಕಳಿಸುವುದಕ್ಕೂ ಇದರಲ್ಲಿ ಜಾಗವಿಲ್ಲ. ಡಿಪಾಜಿಟ್‌ನಲ್ಲಿ ಮುರಿದ ಒಂದು ತಿಂಗಳ ಬಾಡಿಗೆ ಐದು ತಿಂಗಳ ಈ ಕೊರತೆಯನ್ನು ತುಂಬುತ್ತದೆ. ಡಬ್ಬಿ ಆರರಿಂದ ಎಂಟಾದರೆ ಕೊರತೆಯೇ ಇಲ್ಲ.

ಕೊನೆಯದಾಗಿ ಒಂದು ಕಾಗದದ ವಿಷಯ. ತಿಂಗಳಿಗೆ ಒಂಬತ್ತರಂತೆ ನಿಮ್ಮ 18 ಲೇ-ಆಫ್ ದಿನ ಆಗಿವೆ. ಹನ್ನೆರಡು ತಿಂಗಳಲ್ಲಿ 45 ದಿನ ದಾಟಿದ ಮೇಲೆ, ಕಂಪನಿ ಮತ್ತು ಕೆಲಸಗಾರನ ನಡುವೆ ಒಪ್ಪಂದವಿದ್ದರೆ ಪರಿಹಾರ ನಿಲ್ಲಿಸಬಹುದು. ಒಪ್ಪಂದವಿಲ್ಲದಿದ್ದರೆ ಸುಮ್ಮನೆ ನಿಲ್ಲಿಸುವಂತಿಲ್ಲ. ಹಾಗಾಗಿ ಇನ್ನು ಮೂರು ತಿಂಗಳೊಳಗೆ ನಿಮ್ಮ ಮುಂದೆ ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಒಂದು ಕಾಗದ ಬರಬಹುದು. ಓದಿಸಿಕೊಳ್ಳದೆ ಸಹಿ ಹಾಕಬೇಡಿ, ಪ್ರತಿ ಕೇಳಿ. 45 ದಿನದ ನಂತರ ಕಂಪನಿ ಕಾನೂನುಬದ್ಧವಾಗಿ ಕೆಲಸದಿಂದ ತೆಗೆಯಲೂಬಹುದು, ಆದರೆ ಆಗ ಒಂದು ತಿಂಗಳ ನೋಟಿಸು, ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಪಗಾರದಂತೆ ಏಳು ವರ್ಷಕ್ಕೆ 105 ದಿನದ ಪರಿಹಾರ ಕೊಡಬೇಕು. ಕಳೆದ ಹನ್ನೆರಡು ತಿಂಗಳಲ್ಲಿ ಕೊಟ್ಟ ಲೇ-ಆಫ್ ಹಣವನ್ನು ಅದರಲ್ಲಿ ಮುರಿದುಕೊಳ್ಳಬಹುದು. ಗ್ರಾಚ್ಯುಟಿ (ಕೆಲಸ ಬಿಡುವಾಗ ಕೊಡುವ ಸೇವಾ ಹಣ) ಬೇರೆ, ನಿಮ್ಮ ಲೆಕ್ಕದಲ್ಲಿ 52,500. ನೀವಾಗಿ ರಾಜೀನಾಮೆ ಬರೆದುಕೊಟ್ಟರೆ ಗ್ರಾಚ್ಯುಟಿ ಉಳಿಯುತ್ತದೆ, ಆ 105 ದಿನದ ಹಣ ಹೋಗುತ್ತದೆ. 'ರಾಜೀನಾಮೆ ಕೊಡು, ಲೆಕ್ಕ ಬೇಗ ಮಾಡುತ್ತೇವೆ' ಎಂದು ಯಾರಾದರೂ ಹೇಳಿದರೆ, ಮನೆಯಲ್ಲಿ ಕೇಳಿ ಬರುತ್ತೇನೆ ಎಂದು ಹೇಳಿ ಆ ದಿನವೂ ಹಾಜರಿ ಹಾಕಿ ಬನ್ನಿ.